ವಿಂಡೋಸ್, ಮ್ಯಾಕ್, ಲಿನಕ್ಸ್: ನಮ್ಮ ಮನೆಗೆ ಯಾವುದು? ಮೂರು ತಿಂಗಳ ನನ್ನ ಅನುಭವ

ನಾನು ಧಾರವಾಡದ ಮಾಳಮಡ್ಡಿಯವಳು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ನಿವೃತ್ತಿಯಾಗಿ ನಾಲ್ಕು ವರ್ಷ ಆಯಿತು. ಕಂಪ್ಯೂಟರ್‌ನಲ್ಲಿ ನನಗೆ ಬರುವುದು ನಾಲ್ಕೇ ಕೆಲಸ. ಆನ್ ಮಾಡುವುದು, ಟೈಪ್ ಮಾಡುವುದು, ಸೇವ್ ಮಾಡುವುದು, ಪ್ರಿಂಟ್ ತೆಗೆಯುವುದು. ನನ್ನಂಥವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ, ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

2025ರ ಅಕ್ಟೋಬರ್ ಮೊದಲ ವಾರ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಪರದೆ ತುಂಬ ಒಂದು ಸೂಚನೆ. ವಿಂಡೋಸ್ 10ಕ್ಕೆ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ, ನಿಮ್ಮ ಯಂತ್ರಕ್ಕೆ ವಿಂಡೋಸ್ 11 ಹಾಕಲು ಬರುವುದಿಲ್ಲ ಅಂತ. 14ನೇ ತಾರೀಕು ಲ್ಯಾಪ್‌ಟಾಪ್ ಬಂದ್ ಆಗಿಬಿಡುತ್ತದೆ ಎಂದೇ ನಾನು ತಿಳಿದೆ. ಕೈಕಾಲು ತಣ್ಣಗಾದವು.

ಯಾಕೆಂದರೆ ಅದರೊಳಗೆ ನಮ್ಮ ಅಪ್ಪ ಇದ್ದಾರೆ. ನಮ್ಮಪ್ಪ ನವಲಗುಂದದ ಕಡೆಯವರು. ಊರೂರು ತಿರುಗಿ ಗಾದೆ, ಒಡಪು, ಬೀಸುವ ಪದ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಿದ್ದರು. ಒಂಬತ್ತು ದಪ್ಪ ವಹಿ. ಅವರು ಹೋದ ಮೇಲೆ ನಾನು ರಾತ್ರಿ ಊಟ ಆದ ಮೇಲೆ ಕೂತು ಒಂದೊಂದೇ ಪುಟ ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದೆ. ಹನ್ನೆರಡು ವರ್ಷ ಹಿಡಿಯಿತು. ಒಟ್ಟು 212 ಫೈಲು. ಅವತ್ತು ರಾತ್ರಿ ಎರಡು ಗಂಟೆಯವರೆಗೆ ಎದ್ದಿದ್ದು ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಆಮೇಲೂ ನಿದ್ದೆ ಬರಲಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಬೆಂಬಲ ಮುಗಿಯುವುದು ಅಂದರೆ ಕಂಪ್ಯೂಟರ್ ನಿಲ್ಲುವುದಲ್ಲ. 14 ಆದ ಮೇಲೂ ಅದು ಆನ್ ಆಗುತ್ತದೆ, ಫೈಲೂ ತೆರೆಯುತ್ತವೆ. ನಿಲ್ಲುವುದು ಸುರಕ್ಷತೆಯ ತಿದ್ದುಪಡಿ. ಕಳ್ಳರು ಹೊಸ ಸಂದಿ ಕಂಡುಹಿಡಿದರೆ ಅದನ್ನು ಮುಚ್ಚುವ ಅಪ್‌ಡೇಟ್ ಬರುವುದಿಲ್ಲ. ಬ್ಯಾಂಕು, ಪಿಂಚಣಿ ಎಲ್ಲ ಅದರಲ್ಲೇ ನೋಡುವವರಿಗೆ ಇದು ಅಪಾಯವೇ. ಆದರೆ ಒಂದೇ ರಾತ್ರಿಯಲ್ಲಿ ಓಡಾಡಿ ದುಡ್ಡು ಸುರಿಯುವ ತುರ್ತು ಅಲ್ಲ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನಾನು ಮರುದಿನ ಬೆಳಿಗ್ಗೆಯೇ ಹುಬ್ಬಳ್ಳಿಗೆ ಓಡುತ್ತಿರಲಿಲ್ಲ.

ಓಡಿದೆ. ಚಿಗರಿ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋಗಿ ಒಂದು ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೋರಿಸಿದೆ. ಎರಡು ತಾಸು ಕೂರಿಸಿದರು. ಆಮೇಲೆ ಹುಡುಗ ಬಂದು ಹೇಳಿದ: "ಇದು ಹಳೇದಾತ್ರಿ ಮೇಡಂ. ಇದಕ್ಕ ರೊಕ್ಕ ಹಾಕಬ್ಯಾಡ್ರಿ. ಹೊಸಾದು ತಗೊಂಡಬಿಡ್ರಿ." 48,000 ರೂಪಾಯಿಯದೊಂದು ತೋರಿಸಿದ. ನಾನು ಸುಮ್ಮನೆ ನಿಂತದ್ದು ನೋಡಿ, ಬೇಕಾದರೆ ಸಾವಿರ ರೂಪಾಯಿಗೆ ಇದಕ್ಕೇ ವಿಂಡೋಸ್ 11 ಹಾಕಿಕೊಡುತ್ತೇನೆ ಅಂದ. ಕಂಪನಿಯೇ ಬರುವುದಿಲ್ಲ ಅಂದದ್ದು ಸಾವಿರ ರೂಪಾಯಿಗೆ ಹೇಗೆ ಬರುತ್ತದೆ? ಕೇಳಿದೆ, ಸರಿಯಾದ ಉತ್ತರ ಸಿಗಲಿಲ್ಲ. ನೋಡಿದ್ದಕ್ಕೆ 300 ಕೊಟ್ಟು ವಾಪಸ್ ಬಂದೆ.

ಆಮೇಲೆ ತಿಳಿಯಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಅನ್ನುವ ಭದ್ರತಾ ಚಿಪ್, ಸೆಕ್ಯೂರ್ ಬೂಟ್ ಅನ್ನುವ ಭದ್ರತಾ ಏರ್ಪಾಡು ಬೇಕು. ಜೊತೆಗೆ ಇಂಟೆಲ್ ಪ್ರೊಸೆಸರ್ ಆದರೆ, ಕೆಲವೇ ಕೆಲವನ್ನು ಬಿಟ್ಟು, 8ನೇ ತಲೆಮಾರು ಅಥವಾ ಅದರ ಮುಂದಿನದು ಇರಬೇಕು. ನಮ್ಮದು 2017ರಲ್ಲಿ ಕೊಂಡದ್ದು, ಐ3, 6ನೇ ತಲೆಮಾರು. ಈ ತಪಾಸಣೆ ತಪ್ಪಿಸಿ ಹಾಕುವ ದಾರಿಗಳು ಇವೆ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬರುತ್ತದೆ ಅನ್ನುವ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಅಪ್‌ಡೇಟ್‌ಗಾಗಿಯೇ ಇಷ್ಟೆಲ್ಲ ಮಾಡಿ ಕೊನೆಗೆ ಅದೇ ಬರದಿದ್ದರೆ ಏನು ಉಪಯೋಗ?

ಮನೆಗೆ ಬಂದ ಮೇಲೆ ಸಲಹೆಗಳ ಮಳೆ. ಪುಣೆಯಲ್ಲಿರುವ ಮಗ ಫೋನಿನಲ್ಲಿ, "ಅವ್ವಾ, ಮ್ಯಾಕ್ ತಗೋ, ಹತ್ತು ವರ್ಷ ತಲಿನೋವಿಲ್ಲ" ಅಂದ. ಅಕ್ಕನ ಮಗ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಅವನು, "ಚಿಗವ್ವ, ಲಿನಕ್ಸ್ ಹಾಕಿಕೊಡ್ತೀನಿ, ಒಂದ ರೂಪಾಯಿ ಖರ್ಚಿಲ್ಲ" ಅಂದ. ಮ್ಯಾಕ್ ಅಂದರೆ ಆಪಲ್ ಕಂಪನಿಯ ಕಂಪ್ಯೂಟರ್, ಲಿನಕ್ಸ್ ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳುವ ಉಚಿತ ತಂತ್ರಾಂಶ. ಓಣಿಯ ಝೆರಾಕ್ಸ್ ಅಂಗಡಿಯವರು ವಿಂಡೋಸ್ ಬಿಟ್ಟರೆ ಕೆಟ್ಟಿರಿ ಅಂದರು. ಮೂವರೂ ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದರು. ಮೂವರೂ ತಮಗೆ ರೂಢಿ ಇದ್ದದ್ದನ್ನೇ ಹೇಳುತ್ತಿದ್ದರು.

ದಾರಿ ತೋರಿಸಿದ್ದು ನಮ್ಮ ಮನೆಯವರು. ಅವರು ಬ್ಯಾಂಕಿನಲ್ಲಿದ್ದವರು, ಏನೇ ಇದ್ದರೂ ಮೊದಲು ಕಾಗದದ ಮೇಲೆ ಬರಬೇಕು. "ಅದರಾಗ ನೀ ಏನೇನು ಮಾಡ್ತಿ ಅನ್ನೋದು ಒಂದು ವಾರ ಬರದಿಡು. ಆಮ್ಯಾಲೆ ನೋಡೋಣಂತ" ಅಂದರು.

ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಲ್ಯಾಪ್‌ಟಾಪ್ ಪಕ್ಕದಲ್ಲೇ ಇಟ್ಟೆ. ಏನು ಮಾಡಿದರೂ ಒಂದು ಸಾಲು. ಎಂಟು ದಿನಕ್ಕೆ 14 ಬಗೆಯ ಕೆಲಸ ಆದವು. ಅದರಲ್ಲಿ ಒಂಬತ್ತು ಬ್ರೌಸರ್‌ನಲ್ಲಿ, ಅಂದರೆ ಇಂಟರ್ನೆಟ್ ತೆರೆಯುವ ಕ್ರೋಮ್ ಥರದ್ದರಲ್ಲಿ, ಆಗುವಂಥವು: ಬ್ಯಾಂಕು, ಆದಾಯ ತೆರಿಗೆ, ರೈಲು ಟಿಕೆಟ್, ಮೇಲ್, ಯೂಟ್ಯೂಬ್, ಪತ್ರಿಕೆ ಓದುವುದು, ಹೀಗೆ. ಉಳಿದದ್ದು ಐದು. ಹೊಸದಾಗಿ ಕನ್ನಡ ಟೈಪಿಂಗ್. ಹಳೆಯ ನುಡಿ ಫೈಲುಗಳು. ಪ್ರಿಂಟು. ಫೋನಿನ ಫೋಟೊ ಇಳಿಸುವುದು. ಮಹಿಳಾ ಮಂಡಳದ ವಂತಿಗೆಯ ಲೆಕ್ಕ.

ಇದನ್ನು ನೋಡಿದಾಗ ನನಗೆ ಅರ್ಧ ಹೆದರಿಕೆ ಹೋಯಿತು. ಬ್ರೌಸರ್‌ನಲ್ಲಿ ಆಗುವ ಕೆಲಸ ವಿಂಡೋಸ್ ಆಗಲಿ, ಮ್ಯಾಕ್ ಆಗಲಿ, ಲಿನಕ್ಸ್ ಆಗಲಿ, ಹೆಚ್ಚುಕಡಿಮೆ ಒಂದೇ. ಕ್ರೋಮ್, ಫೈರ್‌ಫಾಕ್ಸ್ ಮೂರರಲ್ಲೂ ಇವೆ. ನೀವು ತಲೆ ಕೆಡಿಸಿಕೊಳ್ಳಬೇಕಾದದ್ದು ಬ್ರೌಸರ್‌ನ ಹೊರಗೆ ಉಳಿಯುವ ಆ ನಾಲ್ಕೈದು ಕೆಲಸಕ್ಕೆ ಮಾತ್ರ. ದಯವಿಟ್ಟು ಅಂಗಡಿಗೆ ಹೋಗುವ ಮುಂಚೆ ಈ ಪಟ್ಟಿ ಮಾಡಿರಿ. ನೆನಪಿನಿಂದ ಬರೆಯಬೇಡಿ, ಮಾಡುತ್ತಾ ಮಾಡುತ್ತಾ ಬರೆಯಿರಿ. ಪ್ರಿಂಟರ್ ನನಗೆ ಮೊದಲ ಮೂರು ದಿನ ನೆನಪೇ ಆಗಿರಲಿಲ್ಲ.

ಅಷ್ಟರಲ್ಲಿ ಒಂದು ಉಸಿರು ಬಿಡುವ ದಾರಿ ಸಿಕ್ಕಿತು. ಮನೆಬಳಕೆಯವರಿಗೆ ವಿಂಡೋಸ್ 10ರ ಸುರಕ್ಷತಾ ಅಪ್‌ಡೇಟ್‌ಗಳನ್ನು ಇನ್ನೂ ಒಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಪಡೆಯುವ ಯೋಜನೆ ಇದೆ. ಇಎಸ್‌ಯು ಅನ್ನುತ್ತಾರೆ. ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋಗಿ ಸೆಟ್ಟಿಂಗ್‌ಗಳ ಬ್ಯಾಕಪ್ ಆನ್ ಮಾಡಿದರೆ ಉಚಿತ. ಅದು ಬೇಡ ಅನ್ನುವವರಿಗೆ 1,000 ರಿವಾರ್ಡ್ಸ್ ಅಂಕ ಕೊಡುವ ದಾರಿ ಇದೆ, 30 ಡಾಲರ್ ಕಟ್ಟುವ ದಾರಿಯೂ ಇದೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಹೆಸರು ನೋಂದಾಯಿಸುವ ಬಟನ್ ಇರುತ್ತದೆ.

ನನಗೆ ಆ ಬಟನ್ ಕಾಣಲೇ ಇಲ್ಲ. ಎರಡು ದಿನ ಹುಡುಕಿದೆ. ಆವೃತ್ತಿ 22ಎಚ್2 ಇರಬೇಕಂತೆ, ನನ್ನದು ಅದಕ್ಕಿಂತ ಹಳೆಯದು. ಅದನ್ನು ಇಳಿಸಿ ಹಾಕಲು ಒಂದು ಪೂರ್ತಿ ಹಗಲು ಹೋಯಿತು. ಬಟನ್ ಬಂತು, ಖಾತೆಯ ಪಾಸ್‌ವರ್ಡ್ ಕೇಳಿತು. ಖಾತೆ ಮಾಡಿದ್ದು 2017ರಲ್ಲಿ, ಅಂಗಡಿಯ ಹುಡುಗ. ಪಾಸ್‌ವರ್ಡ್ ನನಗೆ ಗೊತ್ತಿಲ್ಲ. ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್ ಬಿಟ್ಟು ಆರು ವರ್ಷ ಆಗಿತ್ತು. ಗುರುತಿನ ವಿವರ ಎಲ್ಲ ಬದಲಿಸಲು ಹೋದರೆ 30 ದಿನ ಕಾಯಿರಿ ಅಂತ ಬಂತು. ಅದು ನಮ್ಮ ಸುರಕ್ಷತೆಗೇ ಇರುವ ನಿಯಮ, ಕಳ್ಳ ಬದಲಿಸಿದರೆ ನಿಜವಾದ ಮಾಲೀಕರಿಗೆ ತಿಳಿಯಲಿ ಅಂತ. ಆದರೂ ಆ ಹೊತ್ತಿಗೆ ಅಳು ಬಂದಂತಾಯಿತು. ಮೊಮ್ಮಗಳ ಹೆಸರಿಡುವ ಫೋಟೊಗಳು ಆ ಖಾತೆಯ ಒನ್‌ಡ್ರೈವ್ ಅನ್ನುವ ಆನ್‌ಲೈನ್ ಜಾಗದಲ್ಲಿದ್ದವು.

ಕೊನೆಗೆ ಹೊಸದೊಂದು ಖಾತೆ ಮಾಡಿ ಅದರಿಂದ ಇಎಸ್‌ಯುಗೆ ಹೆಸರು ಹಚ್ಚಿದೆ. ಹಳೆಯ ಖಾತೆಗೆ ತಿಂಗಳು ಕಾದೆ. ನವೆಂಬರ್‌ನಲ್ಲಿ ತೆರೆಯಿತು, ಫೋಟೊಗಳೆಲ್ಲ ಇದ್ದವು. ನೀವು ಇವತ್ತೇ ಒಂದು ಕೆಲಸ ಮಾಡಿ: ನಿಮ್ಮ ಮೈಕ್ರೋಸಾಫ್ಟ್, ಗೂಗಲ್, ಆಪಲ್ ಖಾತೆ ಯಾವುದಿದೆಯೋ ಅದರಲ್ಲಿ ಈಗ ನಡೆಯುತ್ತಿರುವ ಮೊಬೈಲ್ ನಂಬರ್ ಇದೆಯಾ ನೋಡಿ. ಯಂತ್ರ ಯಾವುದೇ ಕೊಳ್ಳಿ, ಈ ಕೆಲಸ ಮಾತ್ರ ತಪ್ಪದು.

ದೀಪಾವಳಿಗೆ ಮಗ ಬಂದಾಗ ಅವನ ಒತ್ತಾಯಕ್ಕೆ ಮ್ಯಾಕ್ ನೋಡಲು ಹೋದೆವು. ನಿಜ ಹೇಳುತ್ತೇನೆ, ಕೈಗೆ ತಗೊಂಡಾಗ ಆಸೆ ಆಯಿತು. ಹಗುರ, ಸದ್ದೇ ಇಲ್ಲ, ಪರದೆ ಕನ್ನಡಿ ಇದ್ದ ಹಾಗೆ. ಎಂ4 ಚಿಪ್ಪಿನ ಮ್ಯಾಕ್‌ಬುಕ್ ಏರ್ ನಮ್ಮ ದೇಶದಲ್ಲಿ ಬಂದಾಗ ಅದರ ಆರಂಭದ ಬೆಲೆ 99,900. ಅದಕ್ಕೆ ಸಿಗುವ ಜಾಗ 256 ಜಿಬಿ. ಆಮೇಲೆ ರ್‍ಯಾಮ್ ಸೇರಿಸುತ್ತೇನೆ, ಒಳಗಿನ ಜಾಗ ಹೆಚ್ಚಿಸುತ್ತೇನೆ ಅಂದರೆ ಆಗುವುದಿಲ್ಲ, ಕೊಳ್ಳುವಾಗಲೇ ತೀರ್ಮಾನ ಮಾಡಬೇಕು.

ನೋಟ್‌ಬುಕ್ ತೆಗೆದು ನನ್ನ ಐದು ಕೆಲಸ ಒಂದೊಂದಾಗಿ ಕೇಳಿದೆ. ಫೋಟೊ, ಲೆಕ್ಕ, ಎರಡೂ ಆಗುತ್ತವೆ. ಕನ್ನಡ ಟೈಪಿಂಗ್ ಇದೆ, ಆದರೆ ನನ್ನ ಬೆರಳಿಗೆ ಕೂತ ಕೀಲಿಮಣೆ ಅಲ್ಲಿಯ ಪಟ್ಟಿಯಲ್ಲಿ ಸಿಗಲಿಲ್ಲ. ನುಡಿ ತಂತ್ರಾಂಶ ವಿಂಡೋಸ್‌ಗೆ ಮಾಡಿದ್ದು. ನಮ್ಮ ಹಳೆಯ ಲೇಸರ್ ಪ್ರಿಂಟರ್‌ನ ಮಾಡೆಲ್ ಹೇಳಿದೆ, ಹುಡುಕಿ ನೋಡಿ ಅದು ನಡೆಯುವುದಿಲ್ಲ ಅಂದರು. ಮಗನ ಮುಖ ಸಣ್ಣದಾಯಿತು. ಅವನು ತನ್ನ ದುಡ್ಡಿನಲ್ಲಿ ಕೊಡಿಸಬೇಕು ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ಬಂದಿದ್ದ. ಅವತ್ತು ಸಂಜೆ ಉಣಕಲ್ ಕೆರೆ ದಂಡೆಯ ಮೇಲೆ ಕೂತು ಅವನಿಗೆ ಸಮಾಧಾನವಾಗಿ ಹೇಳಿದೆ. ಯಂತ್ರ ಚಲೋ ಇದೆ. ವಿಡಿಯೊ ಮಾಡುವವರಿಗೆ, ಐಫೋನ್ ಇದ್ದವರಿಗೆ, ಹಳೆಯ ಕನ್ನಡ ಫೈಲಿನ ಗಂಟು ಇಲ್ಲದವರಿಗೆ ಇದಕ್ಕಿಂತ ಒಳ್ಳೆಯದು ಇರಲಿಕ್ಕಿಲ್ಲ. ನನ್ನ ಪಟ್ಟಿಗೆ ಅದು ಕೂಡುವುದಿಲ್ಲ, ಅಷ್ಟೇ.

ಕ್ರೋಮ್‌ಬುಕ್ ಕೂಡ ನೋಡಿದೆವು. ಬರೀ ಬ್ರೌಸರ್ ಸಾಕು ಅನ್ನುವವರಿಗೆ ಅಗ್ಗ, ಸುಲಭ. ನನಗೆ ಸಾಲದು ಅಂತ ಹತ್ತು ನಿಮಿಷದಲ್ಲೇ ಗೊತ್ತಾಯಿತು.

ಇಲ್ಲಿ ನುಡಿ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕನ್ನಡದಲ್ಲಿ ಹತ್ತಿಪ್ಪತ್ತು ವರ್ಷದಿಂದ ಟೈಪ್ ಮಾಡುತ್ತಿರುವ ಪ್ರತಿಯೊಬ್ಬರ ಕೊರಳಿಗೂ ಈ ಗಂಟು ಇದೆ. ನುಡಿ ಕನ್ನಡ ಗಣಕ ಪರಿಷತ್ತಿನದು. ಅದರ ಕೀಲಿಮಣೆಯ ಮೂಲ ಕೆ.ಪಿ. ರಾವ್ ಅವರ ವಿನ್ಯಾಸ, ಎಫ್ ಒತ್ತಿದರೆ ಒತ್ತಕ್ಷರ ಬರುತ್ತದಲ್ಲ, ಅದು. ಆದರೆ ನಮ್ಮ ಹಳೆಯ ನುಡಿ ಫಾಂಟುಗಳಲ್ಲಿ ಫೈಲಿನೊಳಗೆ ಇರುವುದು ನಿಜವಾಗಿ ಕನ್ನಡ ಅಲ್ಲ. ಇಂಗ್ಲಿಷ್ ಅಕ್ಷರ, ಅದರ ತಲೆಯ ಮೇಲೆ ಬಾಲ, ಚುಕ್ಕಿ ಇರುವ ಗುರುತುಗಳು. ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ವೇಷ ಕಳಚಿ ಆ ಗುರುತುಗಳೇ ಕಾಣುತ್ತವೆ. ಯೂನಿಕೋಡ್ ಹಾಗಲ್ಲ. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ, 1991ರ ಮೊದಲ ಆವೃತ್ತಿಯಿಂದಲೂ ಇದೆ. ಫೋನಾಗಲಿ, ಮ್ಯಾಕ್ ಆಗಲಿ, ಯಾವುದರಲ್ಲಿ ತೆರೆದರೂ ಕನ್ನಡ ಕನ್ನಡವೇ.

ಇದು ತಿಳಿದ ರಾತ್ರಿ ನನಗೆ ಬೇರೆಯೇ ಯೋಚನೆ ಹತ್ತಿತು. ಹೊಸ ವಿಂಡೋಸ್ ಕೊಂಡರೆ ಇನ್ನು ಕೆಲವು ವರ್ಷ ಅಪ್ಪನ ಗಾದೆಗಳು ಅದೇ ವೇಷದಲ್ಲಿ ಉಳಿಯುತ್ತವೆ. ನಾನು ಹೋದ ಮೇಲೆ? ಮಗ ತನ್ನ ಮ್ಯಾಕ್‌ನಲ್ಲಿ ತೆರೆದರೆ ಕಾಣುವುದು ಬರೀ ಬಾಲದ ಗುರುತು. ಹಾಗಾದರೆ ಯಂತ್ರ ಯಾವುದೇ ಇರಲಿ, ಮೊದಲು ಬದಲಾಗಬೇಕಾದದ್ದು ಫೈಲು. ಫೈಲು ಬದಲಾದರೆ ವಿಂಡೋಸ್‌ಗೇ ಅಂಟಿಕೊಂಡಿರಬೇಕು ಅನ್ನುವ ಕಟ್ಟೂ ಬಿಡುತ್ತದೆ.

ನವೆಂಬರ್ ಕೊನೆಯ ಭಾನುವಾರ ಅಕ್ಕನ ಮಗ ಬಂದ. ಜ್ಯುಬಿಲಿ ಸರ್ಕಲ್‌ನಲ್ಲಿ ಚಿಗರಿ ಇಳಿದು ಲೈನ್ ಬಜಾರಿನಿಂದ ನನಗೆ ಅಂತ ಪೇಡೆ ತಂದಿದ್ದ. ಲಿನಕ್ಸ್‌ನ ಒಂದು ದೊಡ್ಡ ಅನುಕೂಲ ಅಂದರೆ ಹಾಕಿಕೊಳ್ಳುವ ಮೊದಲೇ ನೋಡಬಹುದು. ಲಿನಕ್ಸ್ ಮಿಂಟ್ ಅನ್ನುವುದನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಿದರೆ ಸಾಕು. ಒಳಗಿನ ವಿಂಡೋಸ್ ಹಾಗೇ ಇರುತ್ತದೆ. ಪೆನ್‌ಡ್ರೈವ್ ತೆಗೆದರೆ ಮತ್ತೆ ಹಳೆಯದೇ. ಇಳಿಸುವ ಫೈಲು ಸುಮಾರು 3 ಜಿಬಿ, ಪೆನ್‌ಡ್ರೈವ್ 8 ಜಿಬಿ ಇದ್ದರೆ ಆಯಿತು. ಆದರೆ ಆ ಪೆನ್‌ಡ್ರೈವ್‌ನಲ್ಲಿ ಮೊದಲು ಇದ್ದದ್ದೆಲ್ಲ ಅಳಿಸಿ ಹೋಗುತ್ತದೆ. ಅಪ್ಪನ ಫೈಲು ಇದ್ದ ಪೆನ್‌ಡ್ರೈವನ್ನೇ ಅವನು ಕೈಗೆ ತಗೊಂಡಿದ್ದ. ನಾನು ಓಡಿ ಹೋಗಿ ಕಸಿದುಕೊಂಡೆ. ಬೇರೆ ಪೆನ್‌ಡ್ರೈವ್ ಎರಡು ತರಿಸಿದೆವು, ಒಂದು ಇದಕ್ಕೆ, ಇನ್ನೊಂದು ಅಪ್ಪನ ಫೈಲುಗಳ ಎರಡನೇ ಪ್ರತಿಗೆ.

ಶುರು ಮಾಡುವಾಗ ಎಫ್12 ಒತ್ತಬೇಕಿತ್ತು, ಬೇರೆ ಕಂಪನಿಯದಕ್ಕೆ ಬೇರೆ ಕೀಲಿ ಇರುತ್ತದೆ. ನಾಲ್ಕನೇ ಸಲಕ್ಕೆ ಹತ್ತಿತು. ಹಸಿರು ಬಣ್ಣದ ಪರದೆ, ಕೆಳಗೆ ಮೂಲೆಯಲ್ಲಿ ಮೆನು. ವಿಂಡೋಸ್ ನೋಡಿದ ಕಣ್ಣಿಗೆ ಅಷ್ಟೇನೂ ಪರಕೀಯ ಅನ್ನಿಸಲಿಲ್ಲ. ವೈಫೈ ತಾನಾಗಿಯೇ ಸಿಕ್ಕಿತು. ಫೈರ್‌ಫಾಕ್ಸ್ ಇತ್ತು. ಬರೆಯಲು, ಲೆಕ್ಕ ಮಾಡಲು ಲಿಬ್ರೆ ಆಫೀಸ್ ಇತ್ತು. ಮಂಡಳದ ಎಕ್ಸೆಲ್ ಫೈಲು ತೆರೆಯಿತು, ಒಂದೆರಡು ಗೆರೆ ಅತ್ತಿತ್ತ ಸರಿದಿದ್ದವು, ಲೆಕ್ಕ ಸರಿ ಇತ್ತು.

ಆಮೇಲೆ ಅವನು ಕೀಲಿಮಣೆ ಆರಿಸುವ ಐಬಸ್ ಅನ್ನುವುದರಲ್ಲಿ ಕನ್ನಡ ಹುಡುಕಿ ಕೆಜಿಪಿ, ಅಂದರೆ ಕನ್ನಡ ಗಣಕ ಪರಿಷತ್ತು, ಅಂತ ಇದ್ದದ್ದನ್ನು ಸೇರಿಸಿದ. "ಟೈಪ್ ಮಾಡಿ ನೋಡು ಚಿಗವ್ವ" ಅಂದ. ಬೆರಳು ರೂಢಿಯಂತೆ ಓಡಿದವು. ಎಫ್ ಒತ್ತಿದೆ, ಒತ್ತಕ್ಷರ ಬಂತು. ನುಡಿಯಲ್ಲಿ ಕಲಿತ ಅದೇ ಕೀಲಿಮಣೆ, ಆದರೆ ಬೀಳುವುದು ಯೂನಿಕೋಡ್! ಅಷ್ಟು ದಿನ ಎದೆಯ ಮೇಲೆ ಇದ್ದ ಕಲ್ಲು ಇಳಿದಂತಾಯಿತು. ನುಡಿ ಬಳಸುವವರು ಇದನ್ನು ನೆನಪಿಡಿ. ನುಡಿ ತಂತ್ರಾಂಶ ಲಿನಕ್ಸ್‌ನಲ್ಲಿ ಇಲ್ಲ, ಆದರೆ ಕೀಲಿಮಣೆ ಇದೆ. ಹಳೆಯ ನುಡಿ ಫಾಂಟುಗಳನ್ನೂ ಅದರಲ್ಲಿ ಹಾಕಿಕೊಳ್ಳಬಹುದು, ಹಳೆಯ ಫೈಲು ಓದಲು ಸಾಕು.

ಪ್ರಿಂಟರ್ ಮಾತ್ರ ಸೋಲಿಸಿತು. ಹುಡುಗ ಮಧ್ಯಾಹ್ನ ಊಟ ಬಿಟ್ಟು ನಾಲ್ಕು ತಾಸು ಒದ್ದಾಡಿದ. ಕಾಗದ ಒಳಗೆ ಹೋಗಿ ಖಾಲಿಯೇ ಹೊರಗೆ ಬರುತ್ತಿತ್ತು. ಪಕ್ಕದ ಮನೆಯವರ ವೈಫೈ ಪ್ರಿಂಟರ್‌ಗೆ ಜೋಡಿಸಿ ನೋಡಿದರೆ ಏನೂ ಹಾಕದೆ ಒಂದೇ ಏಟಿಗೆ ಪ್ರಿಂಟ್ ಬಂತು. ಸಮಸ್ಯೆ ಇರುವುದು ಹಳೆಯ ಮಾಡೆಲ್‌ಗಳಿಗೆ. ನಿಮ್ಮಲ್ಲೂ ಹತ್ತು ಹದಿನೈದು ವರ್ಷದ ಲೇಸರ್ ಪ್ರಿಂಟರ್ ಇದ್ದರೆ ಮೊದಲು ಅದರ ಮಾಡೆಲ್ ನಂಬರ್ ಹಿಡಿದು ಹುಡುಕಿ, ಆಮೇಲೆ ಉಳಿದ ಮಾತು. ನಾನು ಈಗ ಪಿಡಿಎಫ್ ಮಾಡಿ ಓಣಿಯ ಝೆರಾಕ್ಸ್ ಅಂಗಡಿಗೆ ವಾಟ್ಸಾಪ್ ಮಾಡುತ್ತೇನೆ. ತಿಂಗಳಿಗೆ ಇಪ್ಪತ್ತು ಪುಟ, ಪುಟಕ್ಕೆ ಎರಡು ರೂಪಾಯಿ. ವಾಟ್ಸಾಪ್ ನೋಡುವುದು ಬ್ರೌಸರ್‌ನಲ್ಲೇ, ಕರೆ ಬಂದರೆ ಫೋನಿನಲ್ಲಿ.

ಎರಡು ವಾರ ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿದೆ. ನಿಧಾನ ಇತ್ತು, ಅದು ಪೆನ್‌ಡ್ರೈವ್ ಸ್ವಭಾವ. ಸಾಕು, ಇದೇ ಇರಲಿ ಅಂತ ನಿರ್ಧಾರ ಮಾಡಿದೆ. ಹುಡುಗ ಒಂದು ಷರತ್ತು ಹಾಕಿದ: ಹಳೆಯ ಹಾರ್ಡ್ ಡಿಸ್ಕ್ ಅಳಿಸುವುದು ಬೇಡ, ಅದನ್ನು ವಿಂಡೋಸ್ ಸಮೇತ ಹೊರಗೆ ತೆಗೆದಿಡೋಣ, ಎಸ್‌ಎಸ್‌ಡಿ ಅನ್ನುವ ವೇಗದ ಹೊಸ ಡಿಸ್ಕಿಗೆ ಮಿಂಟ್ ಹಾಕೋಣ ಅಂತ. ಇದು ಎಷ್ಟು ಒಳ್ಳೆಯ ಮಾತು ಅಂತ ಆಮೇಲೆ ಗೊತ್ತಾಯಿತು.

ಈ ಸಲ ಬೇರೆ ರಿಪೇರಿ ಅಂಗಡಿ, ಧಾರವಾಡದ್ದೇ. ಖರ್ಚು ಹೇಳುತ್ತೇನೆ. 480 ಜಿಬಿ ಎಸ್‌ಎಸ್‌ಡಿಗೆ 3,600. ರ್‍ಯಾಮ್ 4 ಜಿಬಿ ಇದ್ದದ್ದು 8 ಮಾಡಲು, ಬಳಸಿದ್ದೇ ಕೊಂಡದ್ದು, 1,800. ರ್‍ಯಾಮ್ ದರ ಏರುತ್ತಾ ಇದೆ ಅಂದರು, ಅದು ನಿಜ. ಕೂಲಿ 400. ಹಳೆಯ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಡಬ್ಬಿ 450. ಪೆನ್‌ಡ್ರೈವ್ ಎರಡಕ್ಕೆ 800. ಮೊದಲನೇ ಅಂಗಡಿಯ 300 ಸೇರಿಸಿ ಒಟ್ಟು 7,350. ಲಿನಕ್ಸ್ ಮಿಂಟ್‌ಗೆ ಏನೂ ಇಲ್ಲ, ಈಗಿನ 22ರ ಸಾಲಿನ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಕೆಲವು ಲ್ಯಾಪ್‌ಟಾಪ್‌ನಲ್ಲಿ ರ್‍ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಬದಲಿಸಲು ಬರುವುದಿಲ್ಲ. ಕೊಳ್ಳುವ ಮೊದಲು ಬಿಚ್ಚಿ ನೋಡಿಸಿಕೊಳ್ಳಿ.

ಡಿಸೆಂಬರ್‌ನ ಚಳಿ, ರಾತ್ರಿ ಎಂಟು ಗಂಟೆ. ಮಿಂಟ್ ಹಾಕುವುದು ಅರ್ಧ ಆಗಿರಬೇಕು, ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಎಂದೋ ಸತ್ತಿತ್ತು, ವೈರ್ ಮೇಲೆಯೇ ನಡೆಯುತ್ತಿತ್ತು. ಪರದೆ ಕಪ್ಪಾಯಿತು. ಕತ್ತಲಲ್ಲಿ ಇಬ್ಬರೂ ಸುಮ್ಮನೆ ಕೂತೆವು. "ಏನೂ ಆಗಂಗಿಲ್ಲ ಚಿಗವ್ವ, ಹಳೇ ಡಿಸ್ಕ್ ನಿನ್ನ ಕೈಯಾಗ ಐತಲ್ಲ" ಅಂದ. ನಿಜಕ್ಕೂ ಅದು ನನ್ನ ಮಡಿಲಲ್ಲೇ ಇತ್ತು, ಟವೆಲ್‌ನಲ್ಲಿ ಸುತ್ತಿಕೊಂಡಿದ್ದೆ. ಕರೆಂಟ್ ಬಂದ ಮೇಲೆ ಮೊದಲಿನಿಂದ ಹಾಕಿದೆವು, ಅರ್ಧ ತಾಸಿನಲ್ಲಿ ಮುಗಿಯಿತು. ಹಳೆಯ ಡಿಸ್ಕ್‌ನ ಮೇಲೆಯೇ ಹಾಕಲು ಹೊರಟಿದ್ದರೆ ಏನಾಗುತ್ತಿತ್ತೋ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಇದ್ದವರು ಯುಪಿಎಸ್ ಇದ್ದಲ್ಲಿ ಕೂತು ಈ ಕೆಲಸ ಮಾಡಿ. ಹಿಂದೆಲ್ಲ ಆನ್ ಮಾಡಿ ಚಹಾ ಕುದಿಸಿ ಕುಡಿದು ಬಂದರೂ ತೆರೆಯದ ಲ್ಯಾಪ್‌ಟಾಪ್ ಈಗ ಚಹಾಕ್ಕೆ ನೀರು ಇಡುವಷ್ಟರಲ್ಲಿ ತೆರೆಯುತ್ತದೆ.

ಆಮೇಲೆ ಶುರುವಾದದ್ದು ನಿಜವಾದ ಕೆಲಸ, 212 ಫೈಲು. ನುಡಿ, ಬರಹ ಅನ್ನುವ ತಂತ್ರಾಂಶಗಳ ಹಳೆಯ ಬರವಣಿಗೆಯನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಬ್ರೌಸರ್‌ನಲ್ಲೇ ಸಿಗುತ್ತವೆ. ಫೈಲು ತೆರೆದು ಬರಹ ಕಾಪಿ ಮಾಡಿ ಅಲ್ಲಿ ಹಾಕಿದರೆ ಕನ್ನಡವಾಗಿ ಹೊರಗೆ ಬರುತ್ತದೆ. ಆದರೆ ಕಣ್ಣು ಮುಚ್ಚಿ ನಂಬಬೇಡಿ. ಅರ್ಕಾವೊತ್ತು ಕೆಲವು ಕಡೆ ಜಾಗ ತಪ್ಪಿತು, "ಧರ್ಮ" ಇದ್ದದ್ದು "ಧಮರ್" ಆಯಿತು. ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ನುಡಿ ಅಂತಲೇ ತಿಳಿದು ಅರ್ಥ ಇಲ್ಲದ ಕನ್ನಡ ಮಾಡಿಬಿಡುತ್ತದೆ. ಕೋಷ್ಟಕ ಇದ್ದರೆ ಸಾಲುಗಳು ಒಂದರೊಳಗೊಂದು ಸೇರುತ್ತವೆ. ಒಂದೊಂದು ಫೈಲನ್ನೂ ಮೂಲದ ಜೊತೆ ಹಿಡಿದು ಓದಬೇಕು. ದಿನಕ್ಕೆ ಏಳು ಫೈಲು ನನ್ನ ಮಿತಿ, ಅದಕ್ಕಿಂತ ಜಾಸ್ತಿ ಮಾಡಿದರೆ ಕಣ್ಣು ತಪ್ಪು ಹಿಡಿಯುವುದಿಲ್ಲ. ತಿರುಗಿಸಿದ್ದನ್ನು ಬೇರೆ ಫೋಲ್ಡರ್‌ನಲ್ಲಿ ಇಡಿ, ಮೂಲವನ್ನು ಮುಟ್ಟಬೇಡಿ.

ಮೂರು ಫೈಲು ತೆರೆಯಲೇ ಇಲ್ಲ. ಎಂದೋ ಕೆಟ್ಟು ಹೋಗಿದ್ದವು, ನನಗೆ ಗೊತ್ತೇ ಇರಲಿಲ್ಲ. ಅಟ್ಟದ ಮೇಲಿನ ಟ್ರಂಕಿನಿಂದ ಅಪ್ಪನ ವಹಿ ಇಳಿಸಿದೆ. ಎಷ್ಟೋ ವರ್ಷದ ಮೇಲೆ ಅವರ ಅಕ್ಷರ ನೋಡಿದೆ. "ಕೂಸು ಹುಟ್ಟೂಕಿಂತ ಮೊದ್ಲ ಕುಲಾಯಿ ಹೊಲಿಸಿದ್ರಂತ" ಅನ್ನುವ ಗಾದೆಯ ಪಕ್ಕ ಪೆನ್ಸಿಲಿನಲ್ಲಿ, ಇದನ್ನು ಹೇಳಿದವರು ಯಾರು, ಯಾವ ಹೊಲದ ಬದುವಿನ ಮೇಲೆ ಕೂತು ಹೇಳಿದರು ಅಂತ ಸಣ್ಣಗೆ ಬರೆದಿದ್ದರು. ಮೊದಲ ಸಲ ಟೈಪ್ ಮಾಡುವಾಗ ಆ ಪೆನ್ಸಿಲ್ ಸಾಲುಗಳನ್ನು ನಾನು ಬಿಟ್ಟುಬಿಟ್ಟಿದ್ದೆ. ಈ ಸಲ ಅವನ್ನೂ ಸೇರಿಸಿದೆ. ಉಳಿದ ವಹಿಗಳಲ್ಲೂ ಹಾಗೆ ಬಿಟ್ಟದ್ದು ಇದೆಯಾ ಅಂತ ನೋಡಬೇಕು.

ಈ ನಡುವೆ ಗದಗಿನಿಂದ ಅಕ್ಕ ಫೋನ್ ಮಾಡಿದಳು. ಅವಳದು ಬೆಟಗೇರಿಯಲ್ಲಿ ಸೀರೆ ಅಂಗಡಿ. "ನಿನ್ನಂಗ ನನಗೂ ಲಿನಕ್ಸ್ ಹಾಕಿಸಲೇನ?" ಅಂತ ಕೇಳಿದಳು. ಪಟ್ಟಿ ಮಾಡಿಸಿದೆ. ಅವಳ ಲೆಕ್ಕ ಎಲ್ಲ ಟ್ಯಾಲಿಯಲ್ಲಿ, ಅದಕ್ಕೆ ವಿಂಡೋಸ್ ಬೇಕು. ಲೆಕ್ಕ ಬರೆಯಲು ಬರುವ ಹುಡುಗನಿಗೂ ಅದೇ ರೂಢಿ. ಬೇಡ ಅಂದೆ. ಅವಳು ವಾರಂಟಿ ಇರುವ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಕೊಂಡಳು, ವಿಂಡೋಸ್ 11 ಹಾಕಿದ್ದು. ಅಂಥದ್ದು ಕೊಳ್ಳುವವರು ಪ್ರೊಸೆಸರ್ ನಂಬರ್ ಕೇಳಿ. ಐ5-8500 ಅಂತ ಇದ್ದರೆ ಗೆರೆಯ ನಂತರದ ಮೊದಲ ಅಂಕಿ 8, ಅದು 8ನೇ ತಲೆಮಾರು. 7, 6 ಅಂತ ಇದ್ದರೆ ಎಷ್ಟು ಅಗ್ಗ ಅಂದರೂ ವಿಂಡೋಸ್ 11ಕ್ಕೆ ಅಂತ ಕೊಳ್ಳಬೇಡಿ. 10, 12 ಅಂತ ಐದು ಅಂಕಿಯ ನಂಬರ್ ಇದ್ದರೆ ಮೊದಲ ಎರಡು ಅಂಕಿ ನೋಡಬೇಕು.

ಸಂಕ್ರಾಂತಿಯ ಮರುದಿನ ಕೊನೆಯ ಫೈಲು ಮುಗಿಯಿತು. ಗಾದೆಗಳನ್ನೆಲ್ಲ ಒಂದೇ ಕಡೆ ಸೇರಿಸಿ ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಸಾಂಗಲಿಯಲ್ಲಿರುವ ಅಣ್ಣನಿಗೆ ಕಂಪ್ಯೂಟರ್ ಇಲ್ಲ, ಫೋನ್ ಮಾತ್ರ. ಇಷ್ಟು ವರ್ಷ ನಾನು ಕಳಿಸಿದ್ದು ಅವನಿಗೆ ಓದಲು ಬರುತ್ತಿರಲಿಲ್ಲ. ಸಂಜೆ ಫೋನ್ ಬಂತು. ಹುಡುಕುವ ಜಾಗದಲ್ಲಿ "ಎತ್ತು" ಅಂತ ಬರೆದನಂತೆ, ಎತ್ತಿನ ಗಾದೆಗಳೆಲ್ಲ ಒಂದರ ಹಿಂದೊಂದು ಬಂದವಂತೆ. ಒಂದೊಂದೇ ಓದಿ ಹೇಳಿದ. ಅವನು ಓದುವಾಗ ಅಪ್ಪನ ದನಿಯೇ ಕೇಳಿದಂತಾಯಿತು. ಫೋನ್ ಇಡುವಾಗ, "ಒಡಪಿಂದು ಯಾವಾಗ ಕಳಸ್ತಿ?" ಅಂತ ಕೇಳಿದ.